ಆಯುಧಪೂಜೆ ಮುಗಿದ ಮೇಲೆ ಏಳದ ಕಂಪ್ಯೂಟರ್

ಮಹಾನವಮಿಯ ದಿನ ಮೈಸೂರಿನಲ್ಲಿ ಪೂಜೆ ಕಾಣದ ಯಂತ್ರ ಸಿಗುವುದು ಕಷ್ಟ. ಅರಮನೆಯಲ್ಲಿ ಖಡ್ಗ, ಬೀದಿಯಲ್ಲಿ ಆಟೊ, ಗ್ಯಾರೇಜಿನಲ್ಲಿ ಸ್ಪ್ಯಾನರು, ಪ್ರೆಸ್ಸಿನಲ್ಲಿ ಕಟಿಂಗ್ ಮಷೀನು. ಇವುಗಳ ಸಾಲಿನಲ್ಲೇ ಮೂಲೆಯ ಮೇಜಿನ ಡೆಸ್ಕ್‌ಟಾಪಿಗೂ ಒಂದು ಬೊಟ್ಟು, ಮಾನಿಟರಿನ ನೆತ್ತಿಗೆ ಒಂದು ಮೊಳ ಸೇವಂತಿಗೆ. ಪೂಜೆಗೆ ಮುನ್ನ ಧೂಳು ಒರೆಸುವಾಗ ಒಂದು ಕೆಲಸ ತಪ್ಪದೆ ನಡೆಯುತ್ತದೆ: ಗೋಡೆಯ ಸ್ವಿಚ್ ಆಫ್. ಮರುದಿನ ಜಂಬೂ ಸವಾರಿ, ಮನೆ ತುಂಬ ನೆಂಟರು, ಮಕ್ಕಳಿಗೆ ದಸರಾ ರಜೆ. ಎಲ್ಲ ಮುಗಿಸಿ ಬಾಗಿಲು ತೆರೆದು ಗುಂಡಿ ಒತ್ತಿದರೆ, ಹತ್ತು ಹನ್ನೆರಡು ವರ್ಷ ಚಕಾರವೆತ್ತದೆ ದುಡಿದ ಸಿಸ್ಟಂ ಆಗ ತಕರಾರು ತೆಗೆಯುತ್ತದೆ.

ಅನುಮಾನ ಮೊದಲು ಬೀಳುವುದು ಕುಂಕುಮದ ಮೇಲೆ. ಕೀಬೋರ್ಡಿನ ಸಂದಿಗೆ ಅರಿಸಿನ ಕುಂಕುಮ ಇಳಿದರೆ ಗುಂಡಿಗಳು ಹಿಡಿಯುವುದು ಉಂಟು. ಇಡೀ ಕಂಪ್ಯೂಟರನ್ನು ಮಲಗಿಸುವಷ್ಟು ಶಕ್ತಿ ಮಾತ್ರ ಅದಕ್ಕಿಲ್ಲ. ನಿಜವಾದ ಕಾರಣ ಸಾಮಾನ್ಯವಾಗಿ ಗೋಡೆಯ ಸ್ವಿಚ್ಚೇ.

1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಮಾದರಿಯನ್ನು ಹೊರತಂದ ಮೇಲೆ ಡೆಸ್ಕ್‌ಟಾಪ್ ಕಂಪ್ಯೂಟರ್ ಪೂರ್ತಿ ಆಫ್ ಆಗುವುದನ್ನೇ ನಿಲ್ಲಿಸಿತು. ಶಟ್‌ಡೌನ್ ಮಾಡಿದ ನಂತರವೂ ಗೋಡೆಯಲ್ಲಿ ಕರೆಂಟ್ ಇರುವವರೆಗೆ ಅದರ ಎಸ್‌ಎಂಪಿಎಸ್, ಅಂದರೆ ವಿದ್ಯುತ್ ಪೂರೈಸುವ ಡಬ್ಬಿ, 5 ವೋಲ್ಟಿನ ಒಂದು ಸಣ್ಣ ಧಾರೆಯನ್ನು ಮದರ್‌ಬೋರ್ಡಿಗೆ ಹರಿಸುತ್ತಲೇ ಇರುತ್ತದೆ. ಒಳಗಿನ ಗಡಿಯಾರ ಓಡುವುದು, ಹಾರ್ಡ್‌ಡಿಸ್ಕ್ ಯಾವುದು, ಯಾವುದರಿಂದ ಶುರು ಮಾಡಬೇಕು ಎಂಬ ಸೆಟಿಂಗ್‌ಗಳು ಉಳಿಯುವುದು ಆ ಧಾರೆಯಿಂದ. ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಆರ್2032 ಬ್ಯಾಟರಿ (20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್) ಅಷ್ಟು ಹೊತ್ತು ಬಿಡುವಾಗಿ ಕೂತಿರುತ್ತದೆ. ವರ್ಷಗಳು ಕಳೆದು ಅದರ ಸತ್ವ ಆರಿದರೂ ಗೊತ್ತಾಗುವುದಿಲ್ಲ. ಗೋಡೆಯ ಸ್ವಿಚ್ ನಾಲ್ಕು ದಿನ ಆಫ್ ಆದಾಗಲೇ ಅದರ ಸರದಿ ಬರುವುದು, ಬಣ್ಣ ಬಯಲಾಗುವುದು. ಶಾಲೆಯ ಕಂಪ್ಯೂಟರ್ ಕೋಣೆಗಳಲ್ಲಿ ಬೇಸಿಗೆ ರಜೆ ಮುಗಿದಾಗ ಕಾಣುವುದೂ ಇದೇ ಕಥೆ.

ಬ್ಯಾಟರಿ ಸತ್ತ ಯಂತ್ರ ಸಾಮಾನ್ಯವಾಗಿ ಕಪ್ಪು ಪರದೆಯ ಮೇಲೆ 'ಸಿಮಾಸ್ ಚೆಕ್‌ಸಮ್ ಎರರ್' ಎಂದು ಬರೆದು, ಮುಂದುವರಿಯಲು ಎಫ್1 ಒತ್ತಿ ಎನ್ನುತ್ತದೆ. ಒತ್ತಿದರೆ ಎಷ್ಟೋ ಸಲ ಕೆಲಸ ಸಾಗುತ್ತದೆ, ದಿನಾಂಕ ಮಾತ್ರ ಬೋರ್ಡ್ ತಯಾರಾದ ಕಾಲಕ್ಕೆ, 2002ಕ್ಕೋ 2008ಕ್ಕೋ ಹಿಂದೆ ಸರಿದಿರುತ್ತದೆ. ತಾರೀಕು ತಪ್ಪಿದ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪುಟ ತೆರೆಯದು, ಏಕೆಂದರೆ ಸುರಕ್ಷತಾ ಪ್ರಮಾಣಪತ್ರದ ಅವಧಿ ಇನ್ನೂ ಶುರುವೇ ಆಗಿಲ್ಲವೆಂದು ಬ್ರೌಸರ್ ನಂಬುತ್ತದೆ. ಇಂಟರ್ನೆಟ್ ಕೆಟ್ಟಿದೆ ಎಂದು ದೂರು ಕೊಟ್ಟವರ ಮನೆಯಲ್ಲಿ ಕೆಟ್ಟಿದ್ದು ವಾಚಿನಂಗಡಿಯಲ್ಲಿ ಸಿಗುವ ಒಂದು ಬಿಲ್ಲೆ.

ಇಷ್ಟಕ್ಕೇ ನಿಂತರೆ ಪುಣ್ಯ. ಬ್ಯಾಟರಿ ಹೋದಾಗ ಸೆಟಿಂಗ್‌ಗಳೆಲ್ಲ ಕಾರ್ಖಾನೆಯ ಮೂಲಸ್ಥಿತಿಗೆ ಮರಳುತ್ತವೆ, ಅಲ್ಲಿಂದ ಶುರುವಾಗುವುದು ಗೋಜಲು. ಕಳಚಿ ಎಸೆದು ದಶಕವಾದ ಫ್ಲಾಪಿ ಡ್ರೈವ್ ಇನ್ನೂ ಇದೆಯೆಂದು ಭಾವಿಸಿ ಬೋರ್ಡು 'ಫ್ಲಾಪಿ ಡಿಸ್ಕ್ ಫೇಲ್ (40)' ಎಂದು ಹಟ ಹಿಡಿಯಬಹುದು. ಇದಕ್ಕಿಂತ ತಂಟೆಯದು ಡಿಸ್ಕಿನೊಂದಿಗೆ ಮಾತಾಡುವ ರೀತಿ. 2006ರಿಂದೀಚಿನ ಅನೇಕ ಬೋರ್ಡುಗಳಲ್ಲಿ ಹಾರ್ಡ್‌ಡಿಸ್ಕಿಗೆ ಹಳೆಯ ಐಡಿಇ ಮತ್ತು ಹೊಸ ಎಎಚ್‌ಸಿಐ ಎಂಬ ಎರಡು ಬಗೆ ಇವೆ. ವಿಂಡೋಸ್ ಎಕ್ಸ್‌ಪಿಗೆ ಎರಡನೆಯದು ಹುಟ್ಟಿನಿಂದ ಬಾರದು. ಹಿಂದೆಂದೋ ಯಾರೋ ಜಾಣರು ಅದನ್ನು ಐಡಿಇಗೆ ಬದಲಿಸಿ ಎಕ್ಸ್‌ಪಿ ಹಾಕಿಕೊಟ್ಟಿರುತ್ತಾರೆ. ಬ್ಯಾಟರಿ ಸತ್ತು ಅದು ಎಎಚ್‌ಸಿಐಗೆ ಮರಳಿದ ಕೂಡಲೇ ವಿಂಡೋಸ್ ಲಾಂಛನ ಒಂದು ಗಳಿಗೆ ಮಿಂಚಿ ನೀಲಿ ಪರದೆ ಬೀಳುತ್ತದೆ, ಕೆಳಗೆ 7ಬಿ ಎಂದು ಮುಗಿಯುವ ಸಂಕೇತ. ಡಿಸ್ಕು ಸರಿಯಿದೆ, ವಿಂಡೋಸ್ ಸರಿಯಿದೆ, ಕಡತಗಳೆಲ್ಲ ಇದ್ದಲ್ಲೇ ಇವೆ. ಹೊಸ ಬಿಲ್ಲೆ ಹಾಕಿ, ಸೆಟಪ್ಪಿಗೆ ಹೋಗಿ ಒಂದು ಸಾಲು ತಿದ್ದಿದರೆ ಯಂತ್ರ ಏಳುತ್ತದೆ. ಅದು ತಿಳಿಯದವರು ನೀಲಿ ಪರದೆ ಕಂಡೊಡನೆ ಆಡುವ ಮಾತು ಒಂದೇ: 'ಫಾರ್ಮ್ಯಾಟ್ ಹೊಡೆಯಬೇಕು ಸಾರ್.' ರಿಪೇರಿಯ ಹೆಸರಿನಲ್ಲಿ ನಡೆಯುವ ಹಾನಿಗಳಲ್ಲಿ ಇದಕ್ಕಿಂತ ಅನ್ಯಾಯದ್ದು ಇನ್ನೊಂದಿಲ್ಲ.

'ಸಿಸ್ಟಂ ಆನ್ ಆಗ್ತಿಲ್ಲ' ಎಂಬ ಒಂದೇ ದೂರಿನಡಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ರೋಗಗಳು ಅಡಗಿರುತ್ತವೆ. ಗುಂಡಿ ಒತ್ತಿದರೆ ಸದ್ದೇ ಇಲ್ಲದಿರುವುದು ಬೇರೆ, ಫ್ಯಾನ್ ತಿರುಗಿ ಪರದೆ ಕಪ್ಪಾಗಿರುವುದು ಬೇರೆ, ಅಕ್ಷರ ಮೂಡಿ ಡಿಸ್ಕ್ ಸಿಗದೆ ನಿಲ್ಲುವುದು ಬೇರೆ, ವಿಂಡೋಸ್ ಅರ್ಧ ದಾರಿಯಲ್ಲಿ ಕೈ ಚೆಲ್ಲುವುದೇ ಬೇರೆ. ಕಂಪ್ಯೂಟರ್ ಏಳುವುದಕ್ಕೆ ಒಂದು ಕ್ರಮವಿದೆ. ಎಲ್ಲಿ ನಿಂತಿತು ಎಂದು ನೋಡಿದರೆ ಅದಕ್ಕೆ ಹಿಂದಿನದೆಲ್ಲ ಸರಿಯಿದೆ ಎಂಬುದು ಬಹುಮಟ್ಟಿಗೆ ಸಿದ್ಧವಾದಂತೆ. ಒಳ್ಳೆಯ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಎತ್ತುವ ಮೊದಲು 'ಎಲ್ಲಿವರೆಗೆ ಬರುತ್ತೆ?' ಎಂದು ಕೇಳುವುದು ಅದಕ್ಕೇ.

ಸದ್ದೇ ಇಲ್ಲದಿದ್ದರೆ ನೋಡಬೇಕಾದ್ದು ಹೊರಗೆ: ಪ್ಲಗ್ ಪಾಯಿಂಟ್, ಎಕ್ಸ್‌ಟೆನ್ಷನ್ ಬೋರ್ಡ್, ಮೂರು ಪಿನ್ನಿನ ಕೇಬಲ್, ಕೊನೆಗೆ ಯುಪಿಎಸ್. ಹಳೆಯ ಎಸ್‌ಎಂಪಿಎಸ್ ಬೆನ್ನಿನಲ್ಲಿ 115, 230 ಎಂದು ಬರೆದ ಕೆಂಪು ಜಾರುಗುಂಡಿ ಇದ್ದರೆ ಅದು 230ರಲ್ಲೇ ಇರಬೇಕು. ಧೂಳು ಒರೆಸುವ ಬಟ್ಟೆ ತಗುಲಿ ಅಥವಾ ಮಕ್ಕಳ ಕುತೂಹಲಕ್ಕೆ ಸಿಕ್ಕಿ ಅದು 115ಕ್ಕೆ ಸರಿದಿದ್ದರೆ, ಒಳಗಿನ ಮಂಡಲ ನಮ್ಮ 230 ವೋಲ್ಟನ್ನು ಇಮ್ಮಡಿಗೊಳಿಸುತ್ತದೆ. 200 ವೋಲ್ಟ್ ತಾಳುವಂತೆ ಮಾಡಿದ ಕೆಪಾಸಿಟರುಗಳ ತಲೆಯ ಮೇಲೆ ತಲಾ 325 ವೋಲ್ಟ್ ಕೂರುತ್ತದೆ. ಆಮೇಲೆ ಪಟಾಕಿ ದೀಪಾವಳಿಗೆ ಕಾಯುವುದಿಲ್ಲ.

ಎಸ್‌ಎಂಪಿಎಸ್ ಬದುಕಿದೆಯೇ ಎಂದು ತಿಳಿಯಲು ರಿಪೇರಿಯವರ ಬಳಿ ಒಂದು ಹಳೆಯ ಉಪಾಯವಿದೆ. ಮದರ್‌ಬೋರ್ಡಿಗೆ ಹೋಗುವ 20 ಅಥವಾ 24 ತೂತಿನ ದೊಡ್ಡ ಕನೆಕ್ಟರನ್ನು ಬಿಡಿಸಿ, ಅದರಲ್ಲಿರುವ ಒಂದೇ ಒಂದು ಹಸಿರು ವೈರನ್ನು ಯಾವುದಾದರೊಂದು ಕಪ್ಪು ವೈರಿಗೆ ಪೇಪರ್ ಕ್ಲಿಪ್ಪಿನಿಂದ ಜೋಡಿಸುವುದು. ಕ್ಯಾಬಿನೆಟ್ಟಿನ ಮುಂಭಾಗದ ಗುಂಡಿ ಒತ್ತಿದಾಗ ಬೋರ್ಡು ಮಾಡುವುದೂ ಇದನ್ನೇ. ಫ್ಯಾನ್ ತಿರುಗಿದರೆ ಡಬ್ಬಿಗೆ ಜೀವವಿದೆ ಎಂದಷ್ಟೇ ಅರ್ಥ, ಆರೋಗ್ಯವಿದೆ ಎಂದಲ್ಲ. 3.3, 5, 12 ವೋಲ್ಟುಗಳು ಶೇ 5ರ ಆಚೀಚೆಯೊಳಗೆ ಇವೆಯೇ ಎಂದು ಮಲ್ಟಿಮೀಟರ್ ಹಿಡಿದೇ ನೋಡಬೇಕು. ಡಬ್ಬಿಯನ್ನು ಮಾತ್ರ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ 300 ವೋಲ್ಟಿನಷ್ಟು ಚಾರ್ಜ್ ಸ್ವಲ್ಪ ಹೊತ್ತು ಕೂತಿರಬಲ್ಲದು. ಬೆಚ್ಚಗಿದೆಯೆಂದು ಒಳಸೇರಿದ ಹಲ್ಲಿಗಳಿಗೆ ಆ ವಿಷಯ ಯಾರೂ ಹೇಳಿರುವುದಿಲ್ಲ. ಸುಟ್ಟ ವಾಸನೆ ಹಿಡಿದು ಬಿಚ್ಚಿದವರಿಗೆ ಅವುಗಳ ಕಳೇಬರ ಸಿಗುವುದು ನಮ್ಮ ಊರುಗಳಲ್ಲಿ ಅಪರೂಪವಲ್ಲ.

ಫ್ಯಾನ್ ತಿರುಗುತ್ತಿದೆ, ಡಿಸ್‌ಪ್ಲೇ ಬರುತ್ತಿಲ್ಲ. ಅತಿ ಹೆಚ್ಚು ತಲೆ ತಿನ್ನುವ ಹಂತ ಇದು. ವೋಲ್ಟುಗಳು ನೆಲೆಗೊಂಡ ಮೇಲೆ ಎಸ್‌ಎಂಪಿಎಸ್ 'ಪವರ್ ಗುಡ್' ಎಂಬ ಸಂಕೇತ ಕಳಿಸಬೇಕು. ಅದು ಬರುವವರೆಗೆ ಪ್ರೊಸೆಸರ್ ಅಲುಗಾಡುವಂತಿಲ್ಲ. ಬಂದ ಕೂಡಲೇ ಅದು 4 ಜಿಬಿಯ ಗಡಿಗಿಂತ 16 ಬೈಟ್ ಕೆಳಗಿನ ಒಂದು ನಿಶ್ಚಿತ ವಿಳಾಸಕ್ಕೆ ಹೋಗಿ, ಅಲ್ಲಿ ಬಯೋಸ್, ಅಂದರೆ ಯಂತ್ರವನ್ನು ಎಬ್ಬಿಸುವ ತಂತ್ರಾಂಶ, ಇರುವ ಚಿಪ್ಪಿನಿಂದ ಮೊದಲ ಆದೇಶ ಓದುತ್ತದೆ. ಆಮೇಲೆ ಸ್ವಯಂ ತಪಾಸಣೆ, ರ‍್ಯಾಮ್ ಎಣಿಕೆ, ವಿಡಿಯೋ ಕಾರ್ಡಿನ ಹುಡುಕಾಟ. ಪರದೆ ಬೆಳಗುವ ಮೊದಲೇ ತೊಂದರೆಯಾದರೆ ಹೇಳಿಕೊಳ್ಳಲು ಅದಕ್ಕಿರುವ ಬಾಯಿ ಬೀಪ್ ಒಂದೇ. ಅವಾರ್ಡ್ ಬಯೋಸಿನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಎಂದರೆ ವಿಡಿಯೋ ದೋಷ. ಎಡೆಬಿಡದೆ ಉದ್ದುದ್ದ ಕೂಗಿದರೆ ರ‍್ಯಾಮ್ ಮೇಲೆ ಅನುಮಾನ. ಖರ್ಚು ಉಳಿಸಲು ಸ್ಪೀಕರನ್ನೇ ಬಿಟ್ಟ ಕ್ಯಾಬಿನೆಟ್ಟುಗಳಲ್ಲಿ ಈ ಬಾಯಿಯೂ ಇಲ್ಲ.

ಇಲ್ಲಿ ಶಾಲಾ ಮಕ್ಕಳ ಪೆನ್ಸಿಲ್ ರಬ್ಬರಿಗೆ ಒಂದು ಗೌರವದ ಸ್ಥಾನವಿದೆ. ರ‍್ಯಾಮ್ ಪಟ್ಟಿಯ ಅಂಚಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಳೆಗಾಲದ ತೇವ, ಧೂಳು, ಬೆರಳಿನ ಜಿಡ್ಡು ಸೇರಿ ತೆಳ್ಳಗೆ ಪೊರೆ ಕಟ್ಟುತ್ತದೆ. ಪ್ಲಗ್ ತೆಗೆದು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಇಳಿಸಿಕೊಂಡು, ಪಟ್ಟಿ ಕಿತ್ತು, ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದದೆ ಬ್ರಷ್ಷಿನಿಂದ ಕೊಡವಿ ಎರಡೂ ಕಡೆ ಕ್ಲಿಪ್ ಕೂರುವಂತೆ ಒತ್ತಿದರೆ, ಡಿಸ್‌ಪ್ಲೇ ಬಾರದ ಹಳೆಯ ಯಂತ್ರಗಳಲ್ಲಿ ಒಳ್ಳೆಯ ಪಾಲು ಅಲ್ಲೇ ಏಳುತ್ತವೆ. ಊದಬಾರದು ಏಕೆಂದರೆ ಉಸಿರಿನಲ್ಲಿ ತೇವವಿದೆ. ಬದಲಿ ಪಟ್ಟಿ ತರುವವರು ಜಾತಿ ನೋಡಿ ತರಬೇಕು. ಡಿಡಿಆರ್ ಮೊದಲ ಪೀಳಿಗೆಗೆ 184 ಹಲ್ಲು, ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240, ಆದರೆ ನಡುವಿನ ಕಚ್ಚಿನ ಜಾಗ ಬೇರೆ. ಒಂದರ ಗೂಡಿನಲ್ಲಿ ಇನ್ನೊಂದು ಕೂರುವುದಿಲ್ಲ, ಬಲವಂತ ಮಾಡಿದರೆ ಎರಡೂ ಹೋಗುತ್ತವೆ.

ರಬ್ಬರಿಗೂ ಬಗ್ಗದಿದ್ದರೆ ಟಾರ್ಚ್ ಹಿಡಿದು ಪ್ರೊಸೆಸರಿನ ಸುತ್ತ ನಿಂತ ಪುಟ್ಟ ಉರುಳೆಗಳ ತಲೆ ನೋಡಬೇಕು. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ನೆತ್ತಿ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ರಸ ಒಸರಿದ್ದರೆ ರೋಗ ಸಿಕ್ಕಿತು. 1999ರಿಂದ ಸುಮಾರು 2007ರವರೆಗೆ ತಯಾರಾದ ಬೋರ್ಡುಗಳನ್ನು ಕಾಡಿದ ಈ ಪಿಡುಗು ಜಗತ್ತಿನ ದೊಡ್ಡ ಕಂಪನಿಗಳನ್ನೂ ಬಿಡಲಿಲ್ಲ. ಆಪ್ಟಿಪ್ಲೆಕ್ಸ್ ಜಿಎಕ್ಸ್270 ಮುಂತಾದ ಮಾದರಿಗಳ ಕೆಪಾಸಿಟರ್ ದೋಷಕ್ಕಾಗಿ ಡೆಲ್ 2005ರಲ್ಲಿ 30 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. ಮುಪ್ಪಾದ ಕೆಪಾಸಿಟರಿಗೆ ಚಳಿ ಆಗಿಬರುವುದಿಲ್ಲ, ತಣ್ಣಗಿದ್ದಾಗ ಅದರ ಒಳತಡೆ ಏರುತ್ತದೆ. ಡಿಸೆಂಬರ್ ಬೆಳಿಗ್ಗೆ ಐದಾರು ಸಲ ಗುಂಡಿ ಒತ್ತಿದ ಮೇಲೆ ಎದ್ದು, ಮಧ್ಯಾಹ್ನ ಮೊದಲ ಒತ್ತಿಗೇ ಏಳುವ ಕಂಪ್ಯೂಟರ್ ಸೋಮಾರಿಯಲ್ಲ, ಅದರ ಕೆಪಾಸಿಟರುಗಳು ಒಣಗಿವೆ. ಅಷ್ಟೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿ ತಾಳುವ ಹೊಸವನ್ನು ಧನ ಋಣ ನೋಡಿ ಬೆಸೆದರೆ ಬೋರ್ಡು ಇನ್ನೂ ಐದಾರು ವರ್ಷ ಎಳೆಯಬಲ್ಲದು.

ಬೆಸುಗೆ ಕಡ್ಡಿ ಹಿಡಿಯುವ ಕೈಗಳಿಗೆ ಮೈಸೂರಿನಲ್ಲಿ ಬರವಿರಬಾರದು. ಸಾಫ್ಟ್‌ವೇರ್ ಎಂದೊಡನೆ ಹೆಬ್ಬಾಳದ ಇನ್ಫೊಸಿಸ್ ಆವರಣದ ಗುಮ್ಮಟ ನೆನೆಯುವ ಊರು, ಅದಕ್ಕೂ ಮೊದಲೇ ಹಾರ್ಡ್‌ವೇರ್ ಮಾಡುತ್ತಿತ್ತು ಎಂಬುದನ್ನು ಮರೆತಂತಿದೆ. ವಿಪ್ರೊದ ಮೈಸೂರು ಕಾರ್ಖಾನೆಯಿಂದ ಕಂಪ್ಯೂಟರುಗಳು ಹೊರಬಂದಿವೆ. ರೈಲು ಟಿಕೆಟ್ಟಿನಿಂದ ಬ್ಯಾಂಕ್ ಪಾಸ್‌ಬುಕ್‌ವರೆಗೆ ಕರ್ರ್ ಎಂದು ಕೊರೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳ ವಿಭಾಗ 2000ದಲ್ಲಿ ವಿಪ್ರೊದಿಂದ ಬೇರೆಯಾಗಿ ವೆಪ್ ಆಯಿತು. ನಂಜನಗೂಡಿನಲ್ಲಿ ಆಸ್ಟ್ರಿಯದ ಎಟಿ ಅಂಡ್ ಎಸ್ ಕಂಪನಿ 1999ರಲ್ಲಿ ಕೊಂಡ ಸರ್ಕ್ಯೂಟ್ ಬೋರ್ಡ್ ಕಾರ್ಖಾನೆಯಿದೆ. 1988ರಲ್ಲಿ ಮೈಸೂರಿನಲ್ಲೇ ಹುಟ್ಟಿದ ಕೇನ್ಸ್ ಟೆಕ್ನಾಲಜಿ, 2022ರಲ್ಲಿ ಷೇರುಪೇಟೆ ಹೊಕ್ಕು ಈಗ ದೇಶದ ದೊಡ್ಡ ಎಲೆಕ್ಟ್ರಾನಿಕ್ಸ್ ತಯಾರಕರಲ್ಲಿ ಒಂದು. ಹೊಸ ಬೋರ್ಡು ಮಾಡುವ ಊರಿನಲ್ಲಿ ಹಳೆಯದನ್ನು 'ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ' ಎಂದು ಒಂದೇ ಮಾತಿನಲ್ಲಿ ಗುಜರಿಗೆ ಹಾಕುವ ಪರಿಪಾಠ ಬೆಳೆದಿರುವುದು ವಿಚಿತ್ರ.

ಪರದೆ ಬಂತು, ಅಕ್ಷರ ಬಂತು, 'ಡಿಸ್ಕ್ ಬೂಟ್ ಫೇಲ್ಯೂರ್' ಎಂದು ನಿಂತಿತು. ಗಾಬರಿಗೆ ಮೊದಲು ಯುಎಸ್‌ಬಿ ಕಿಂಡಿಗಳಲ್ಲಿ ಮರೆತ ಪೆನ್‌ಡ್ರೈವ್ ಇದೆಯೇ ನೋಡಬೇಕು, ಅದನ್ನೇ ಡಿಸ್ಕ್ ಎಂದು ತಿಳಿದು ತಡಕಾಡುವ ಬೋರ್ಡುಗಳುಂಟು. ಇಲ್ಲವಾದರೆ ಡೇಟಾ ಕೇಬಲ್ ಬದಲಿಸುವುದು. ಬಯೋಸ್ ಹುಡುಕುವುದು ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು. ಅದರ ಕಡೆಯ ಎರಡು ಬೈಟ್ 55 ಮತ್ತು ಎಎ ಆಗಿದ್ದರೆ ಬಹುಪಾಲು ಬಯೋಸ್‌ಗಳು ಅದನ್ನು ನಂಬಿ ಅಧಿಕಾರ ಹಸ್ತಾಂತರಿಸುತ್ತವೆ. ಈ ಅಂಗೈಯಗಲದ ಜಾಗ ಕೆಟ್ಟರೆ ಉಳಿದ ನೂರಾರು ಜಿಬಿ ನೆಟ್ಟಗಿದ್ದರೂ ಯಂತ್ರ ಮೇಲೇಳದು, ಮತ್ತು ಅದನ್ನು ಮರಳಿ ಬರೆಯುವುದು ಸುಲಭ. ಬಯೋಸಿಗೆ ಡಿಸ್ಕೇ ಕಾಣದೆ, ಒಳಗಿನಿಂದ ಟಕ್ ಟಕ್ ಎಂದು ತಾಳ ಹಾಕಿದಂಥ ಸದ್ದು ಬಂದರೆ ಸಂಗತಿ ಗಂಭೀರ. ಓದುವ ಮುಳ್ಳು ತನ್ನ ಜಾಗ ಹುಡುಕಲಾರದೆ ಒದ್ದಾಡುತ್ತಿದೆ, ಪ್ರತಿ ಸಲ ಆನ್ ಮಾಡಿದಾಗಲೂ ಇನ್ನಷ್ಟು ಕೆಡುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಸಲಹೆಯನ್ನು ಕೇಳಬಾರದು. ಒಳಗೆ ಹನಿಗಟ್ಟಿದ ತೇವ ತಟ್ಟೆಯನ್ನೇ ಹಾಳುಮಾಡುತ್ತದೆ. ಡಿಸ್ಕ್ ನಿಧಾನವಾಗಿಯಾದರೂ ಓದುತ್ತಿದ್ದರೆ, ಲಿನಕ್ಸ್ ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸಿ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡಿಯಾಗಿ ಇನ್ನೊಂದು ಡಿಸ್ಕಿಗೆ ನಕಲು ತೆಗೆಯುವುದು ಮೊದಲ ಕೆಲಸ. ಅದು ಸುಲಭವಾಗಿ ಸಿಗುವ ಭಾಗವನ್ನು ಮೊದಲು ಎತ್ತಿಕೊಂಡು, ಹಟ ಮಾಡುವ ಭಾಗಗಳಿಗೆ ಕೊನೆಯಲ್ಲಿ ಬರುತ್ತದೆ. ರಿಪೇರಿ, ಚೆಕ್‌ಡಿಸ್ಕ್ ಎಲ್ಲ ಆ ನಕಲಿನ ಮೇಲೆ.

ಇಷ್ಟೆಲ್ಲ ಹರಸಾಹಸ ಯಾಕೆ, ಇಂದಿನ ಫೋನಿನ ಮುಂದೆ ಪೆಂಟಿಯಮ್ 4 ಯಾವ ಲೆಕ್ಕ ಎಂದು ಕೇಳುವವರು ಮೈಸೂರಿನ ಯಾವುದಾದರೂ ಡಿಟಿಪಿ ಅಂಗಡಿಗೆ ಒಮ್ಮೆ ಹೋಗಬೇಕು. ವೆಸ್ಲಿಯನ್ ಮಿಷನ್ ಪ್ರೆಸ್ಸಿನ ಕಾಲದಿಂದ ಇದು ಪುಸ್ತಕ ಮುದ್ರಿಸುವ ಊರು. ಮೊಳೆ ಜೋಡಿಸುವುದು ನಿಂತು ಕಂಪ್ಯೂಟರ್ ಬಂದಾಗ ಪುಟವಿನ್ಯಾಸಕ್ಕೆ ಸಿಕ್ಕಿದ್ದು ಪೇಜ್‌ಮೇಕರ್. 2001ರ 7.0 ಅದರ ಕೊನೆಯ ಆವೃತ್ತಿ, ಯೂನಿಕೋಡ್ ಅದಕ್ಕೆ ಕೊನೆಗೂ ಒಲಿಯಲಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿದ್ದರೂ ಅಚ್ಚಿನ ಮನೆಗಳು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲೇ ದುಡಿದವು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ಮೇಲೆ ಪಳಗಿದ ಬೆರಳುಗಳಿಗೆ ಬೇರೆಯದು ಬೇಕಿರಲಿಲ್ಲ. ಪುಣೆಯ ಮಾಡ್ಯುಲರ್ ಕಂಪನಿಯ ಶ್ರೀಲಿಪಿಗೋ ಒಂದು ಬೀಗವಿತ್ತು. ಹಳೆಯ ಕಂಪ್ಯೂಟರಿನ ಪ್ರಿಂಟರ್ ಕಿಂಡಿಗೆ ಸಿಕ್ಕಿಸಿದ ಡಾಂಗಲ್ ಇಲ್ಲದೆ ಅದು ತೆರೆಯುತ್ತಿರಲಿಲ್ಲ, ಆ ಕಿಂಡಿ ಇಂದಿನ ಬೋರ್ಡುಗಳಲ್ಲಿ ಬಹುತೇಕ ಮಾಯ. 2014ರ ಏಪ್ರಿಲ್ 8ಕ್ಕೆ ಮೈಕ್ರೊಸಾಫ್ಟ್ ಕೈಬಿಟ್ಟ ಎಕ್ಸ್‌ಪಿಯನ್ನು ಇಂಟರ್ನೆಟ್ ತಂತಿ ಕಿತ್ತು ಇನ್ನೂ ಓಡಿಸುವವರ ಹಿಂದಿರುವುದು ಹಳೆಯದರ ಮೋಹವಲ್ಲ, ಲೆಕ್ಕಾಚಾರ. ಎರಡು ದಶಕಗಳ ಲಗ್ನಪತ್ರಿಕೆ, ಅಭಿನಂದನ ಗ್ರಂಥ, ಪಿಎಚ್‌ಡಿ ಮಹಾಪ್ರಬಂಧಗಳ ಪುಟಗಳು ಆ ಒಂದು ಯಂತ್ರದಲ್ಲಿ ಮಾತ್ರ ಅಂದಿನಂತೆಯೇ ತೆರೆಯುತ್ತವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸರದಿಯೂ ಮುಗಿದಿರುವುದರಿಂದ ಈ ಸಾಲಿಗೆ ಇನ್ನಷ್ಟು ಯಂತ್ರಗಳು ಸೇರಲಿವೆ.

ಬೋರ್ಡ್ ಸತ್ತೇ ಹೋಗಿ ಡಿಸ್ಕು ಮಾತ್ರ ಉಳಿದರೆ, ಅದನ್ನು ಹೊಸ ಕಂಪ್ಯೂಟರಿಗೆ ಜೋಡಿಸಿ ಕಡತ ತೆರೆದವರಿಗೆ ಕಾಣುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಡೇಟಾ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ಹಾಗಾಗಿ ಹಳೆಯ ಡಿಸ್ಕಿನಿಂದ 'ಮೈ ಡಾಕ್ಯುಮೆಂಟ್ಸ್' ಒಂದನ್ನೇ ಎತ್ತಿಕೊಂಡರೆ ಸಾಲದು, ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ಇಡಿಯಾಗಿ ಎತ್ತಿಕೊಳ್ಳಬೇಕು. ಆನಂತರ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಅವುಗಳ ಕೆಲಸ ಅಂದುಕೊಂಡಷ್ಟು ಸರಳವಲ್ಲ. ಹಳೆಯ ಫಾಂಟುಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಅನುಕ್ರಮದಲ್ಲಿ ಕೂತಿವೆ. 'ಧರ್ಮ' ಎಂಬಲ್ಲಿ ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ರಕಾರ ಮಕಾರಕ್ಕಿಂತ ಮುಂದೆ ಬರಬೇಕು. ಪರಿವರ್ತಕ ಪ್ರತಿ ಅರ್ಕಾವೊತ್ತನ್ನೂ ಹಿಂದಕ್ಕೆ ಜರುಗಿಸಿ, ಒಡೆದು ಕೂತ ದೀರ್ಘ ಮತ್ತು ಒತ್ತುಗಳನ್ನು ಬೆಸೆದು ಸಾಗುತ್ತದೆ. ನಡುವೆ ಇಂಗ್ಲಿಷ್ ಪದವೊಂದು ಬಂದರೆ ಅದನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳ ಗುಂಪಾಗಿ ಮಾಡಿಬಿಡುತ್ತದೆ. ನೂರು ಪುಟ ಪರಿವರ್ತಿಸಲು ಕಂಪ್ಯೂಟರಿಗೆ ಗಳಿಗೆ ಸಾಕು, ಕರಡು ತಿದ್ದುವವರಿಗೆ ದಿನಗಳು ಬೇಕು. ಆ ದಿನಗಳನ್ನು ಉಳಿಸಲೆಂದೇ ಕೆಲವರು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅದೇ ಮಾದರಿಯ ಇನ್ನೊಂದು ಹಳೆಯ ಬೋರ್ಡ್ ತಂದು, ಅಟ್ಟದ ಮೇಲೆ ಬಿಡಿಭಾಗಕ್ಕೆಂದು ಇಟ್ಟುಕೊಳ್ಳುತ್ತಾರೆ.